ಬಿಕರ್ನಕಟ್ಟೆಯ ಅಂಗಳದಲ್ಲಿ ಒಂದು ಲಾಂಚು

ಲಾಂಚನ್ನು ನೀರಿನಲ್ಲಿ ಬಿಡುವ ಬದಲು ಅಂಗಳದಲ್ಲಿ ನಿಲ್ಲಿಸಿಕೊಂಡರೆ ಮನೆಯಲ್ಲಿ ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಆಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಭೂಸುಧಾರಣೆಯ ಡಿಕ್ಲರೇಶನ್ ಬಂದು ನಮ್ಮ ಗದ್ದೆಗಳೆಲ್ಲ ಉಳುವವರ ಪಾಲಾಗಿದ್ದವು. ಅದು ನ್ಯಾಯವೇ ಎಂದು ನಮ್ಮೆಜಮಾನರೇ ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಅಣ್ಣ ಕಂಕನಾಡಿಯಲ್ಲಿ ಹೋಟೆಲು ತೆರೆದಾಗ ಇವರನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದರು. ಕೂತರು. ಮನೆಗೆ ಬಂದರೆ ಮಾತಿಲ್ಲ. "ಗಂಜಿಯಾ, ಊಟವಾ?" ಎಂದು ಕೇಳಿದರೆ "ಹೂಂ" ಎನ್ನುವರು. ಯಾವುದಕ್ಕೆ ಹೂಂ ಎಂದು ನಾನೇ ಊಹಿಸಬೇಕು.

ಅಂಥವರು ಒಂದು ಸಂಜೆ ಬಂದು ಒಂದೇ ಸಮನೆ ಮಾತಾಡಿದರು. ಹಿಂದೆ ಹಂಚಿನ ಕಾರ್ಖಾನೆಯ ದೊರೆ ಇಟ್ಟುಕೊಂಡಿದ್ದ ಲಾಂಚು ಹೊಳೆಯ ದಡದಲ್ಲಿ ಬಿದ್ದಿದೆಯಂತೆ. ಒಳಗೆ ಇಬ್ಬರು ಮಲಗುವ ಕ್ಯಾಬಿನ್ನು, ಚಹಾ ಕಾಯಿಸುವ ಮೂಲೆ, ಹೊಟ್ಟೆಯಲ್ಲಿ ಎರಡು ಇಂಜಿನು. ಕಬ್ಬಿಣವೆಲ್ಲ ತುಕ್ಕು, ಮರವೆಲ್ಲ ಗೆದ್ದಲು. ಅವರ ಬಾಯಲ್ಲಿ ಅಷ್ಟು ಮಾತು ಕೇಳಿದ ಸಂತೋಷಕ್ಕೆ ನಾನು "ತನ್ನಿ" ಎಂದುಬಿಟ್ಟೆ. ತರುವುದೆಂದರೆ ಮನೆಗೇ ತರುತ್ತಾರೆಂದು ನನಗೆ ಹೊಳೆದಿರಲಿಲ್ಲ.

ಮೆರವಣಿಗೆ

ಲಾಂಚು ಲಾರಿಯ ಮೇಲೆ ಬಂತು. ಅಡಿಯಲ್ಲಿ ಮರದ ದಿಮ್ಮಿ, ಮೇಲೆ ಬಿಳಿ ಬಟ್ಟೆ, ಬದಿಗಳು ಬಿಚ್ಚಿ ಬೀಳದ ಹಾಗೆ ಸುತ್ತಲೂ ಹಗ್ಗ. ನಡೆಯುವ ವೇಗದಲ್ಲಿ ಲಾರಿ ಬರುತ್ತಿತ್ತು. ಆ ದಿನ ಬಾಲಯೇಸುವಿನ ದೇವಾಲಯಕ್ಕೆ ಹೊರಟವರು ತುಂಬಾ ಜನ. ಬಿಳಿ ಬಟ್ಟೆ ಹೊದ್ದು ಮೆಲ್ಲಗೆ ಬರುವ ದೋಣಿಯನ್ನು ಕಂಡು ಇದು ಹಬ್ಬದ ಮೆರವಣಿಗೆಯೇ ಇರಬೇಕೆಂದು ಅವರು ಲಾರಿಯ ಹಿಂದೆ ಸಾಲು ಹಿಡಿದರು. ಯಾರೋ ಕೊಂಕಣಿಯಲ್ಲಿ ಹಾಡು ಎತ್ತಿದರು. ಕೆಲವರು ಮೇಣದ ಬತ್ತಿ ಹಚ್ಚಿದರು.

ನಮ್ಮ ಗೇಟಿನ ಮುಂದೆ ಲಾರಿ ನಿಂತಿತು, ಹಾಡೂ ನಿಂತಿತು. ಅತ್ತೆ ಹೊರಗೆ ಬಂದು, "ಇಷ್ಟು ಜನರನ್ನು ಊಟಕ್ಕೆ ಕರೆದದ್ದು ಯಾರು?" ಎಂದರು. ನಾನು ಗುಟ್ಟಾಗಿ ವಿಷಯ ಹೇಳಿದೆ. ಅವರು ಏನೂ ಆಗದವರಂತೆ ಎಲ್ಲರಿಗೂ ಬೆಲ್ಲ ನೀರು ಕೊಡಿಸಿದರು. ಕುಡಿದವರು ಸುಮ್ಮನೆ ಹೋಗಲಿಲ್ಲ. ಗಂಡಸರೆಲ್ಲ ಮುಂಡು ಎತ್ತಿ ಕಟ್ಟಿ, ಪ್ಯಾಂಟು ಮಡಚಿ, ಲಾಂಚನ್ನು ಲಾರಿಯಿಂದ ಇಳಿಸಿ ಅಂಗಳಕ್ಕೆ ತಳ್ಳಿ ಕೊಟ್ಟರು. ಅವರು ಇಲ್ಲದಿದ್ದರೆ ಅದು ಇವತ್ತಿಗೂ ರಸ್ತೆಯಲ್ಲೇ ಇರುತ್ತಿತ್ತೋ ಏನೋ.

ಹೊರಡುವಾಗ ಒಬ್ಬ ಮುದುಕಿ ಲಾರಿ ಡ್ರೈವರನನ್ನು ಕೇಳಿದರು: "ಮೆರವಣಿಗೆ ಚಂದ ಆಯ್ತು. ಆದ್ರೆ ಬಾಲಯೇಸುವನ್ನು ಎಲ್ಲಿ ಕೂರಿಸಿದ್ದು?"

ಡ್ರೈವರ ಹಣೆಯ ಬೆವರು ಒರೆಸಿಕೊಂಡ. "ನನ್ನ ಪಕ್ಕದಲ್ಲೇ ಕೂತಿದ್ದ, ಬಾಯಮ್ಮ. ಇಲ್ಲದಿದ್ರೆ ಈ ಬ್ರೇಕಿನಲ್ಲಿ ಇಳಿಜಾರು ಹೇಗೆ ಇಳಿಯುವುದು?"

ಕಡೆಯುವುದು

ಇಂಜಿನು ಬಿಚ್ಚಲು ಇವರ ಸ್ನೇಹಿತರೊಬ್ಬರು ಬಂದರು. ಬಂದರಿನ ಕಡೆಯ ಬ್ಯಾರಿ ಮನೆತನದವರು, ಗಲ್ಫಿನಲ್ಲಿ ಬೋಟಿನ ಇಂಜಿನು ರಿಪೇರಿ ಮಾಡಿ ಊರಿಗೆ ಮರಳಿದವರು. ನಮಗೆಲ್ಲ ಅವರು ಕಾಕ. ದಿನವೂ ಸಂಜೆ ಬರುವರು, ಸಂಬಳದ ಮಾತೆತ್ತಿದರೆ ಸಿಟ್ಟಾಗುವರು. ಅವರ ಋಣ ದೊಡ್ಡದು. ಆದರೆ ನನ್ನ ಇಡ್ಲಿ ಬೇಯಿಸುವ ಪಾತ್ರೆಯಲ್ಲಿ ನಟ್ಟು ಬೋಲ್ಟು ನೆನೆಹಾಕಿದವರೂ ಅವರೇ.

ವಾಲ್ವು ಕೂರುವ ಜಾಗಕ್ಕೆ ಮರಳಿನಂಥ ಪೇಸ್ಟು ಹಚ್ಚಿ, ವಾಲ್ವಿಗೆ ಒಂದು ಕೋಲು ಅಂಟಿಸಿ, ಅದನ್ನು ಎರಡು ಅಂಗೈಗಳ ನಡುವೆ ಅತ್ತಿತ್ತ ತಿರುಗಿಸಿ ನುಣುಪು ಮಾಡಬೇಕಂತೆ. ಜಗಲಿಯಲ್ಲಿ ಇಬ್ಬರು ಗಂಡಸರು ಕೂತು ಕೋಲು ತಿರುಗಿಸುವುದನ್ನು ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಎಂತ ಕಡೆಯುವುದು ನೀವು? ಹಾಗೆ ಕಡೆದರೆ ಬೆಣ್ಣೆ ಬರ್ತದಾ? ಏಳಿ."

ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಮರುದಿನದಿಂದ ಮಧ್ಯಾಹ್ನದ ಊಟ ಆದ ಮೇಲೆ ಅದೇ ಅವರ ಕೆಲಸ. ಪಕ್ಕದ ಮನೆಯಾಕೆ ಬೇಲಿಯಿಂದ, "ಅತ್ತೆ ಎಂತ ಮಾಡ್ತಾ ಇದ್ದಾರೆ ಮಾರಾಯ್ತಿ?" ಎಂದು ಕೇಳಿದರು. "ಇಂಜಿನು ಕಡೀತಾ ಇದ್ದಾರೆ" ಎಂದೆ. ಅವರು ಪಾಪ, ಹೆಚ್ಚು ಕೇಳದೆ ಒಳಗೆ ಹೋದರು.

ಎಲ್ಲ ಮುಗಿದ ದಿನ ಕಾಕ ಪರೀಕ್ಷೆ ಮಾಡಿದರು. ವಾಲ್ವಿನ ಹಿಂದೆ ಸೀಮೆಎಣ್ಣೆ ಹೊಯ್ದು ಕಾದರು. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ.

"ಅಮ್ಮಾ, ಗಲ್ಫಿನಲ್ಲಿ ಕೂಡ ಹೀಗೆ ಮಾಡುವವರನ್ನು ನಾನು ಕಾಣಲಿಲ್ಲ. ಸ್ವಲ್ಪವೂ ಸೋರುವುದಿಲ್ಲ!"

"ಸೋರಲಿಕ್ಕೆ ನಾನೆಂತ ನಿನ್ನೆ ಬಂದ ಸೊಸೆಯಾ?" ಎಂದರು ಅತ್ತೆ.

ಇವರು ನಕ್ಕರು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೊಸೆಯಾದ ನಾನು ಸಿಟ್ಟು ಮಾಡಬೇಕಿತ್ತು. ಆದರೆ ಆ ನಗುವಿಗಾಗಿ ಅಂಥ ಇನ್ನೂ ಹತ್ತು ಮಾತು ಕೇಳಲು ನಾನು ತಯಾರಿದ್ದೆ.

ವಿಮಾನ

ಮೊದಲ ಇಂಜಿನನ್ನು ಅಂಗಳದಲ್ಲೇ ಸ್ಟಾರ್ಟ್ ಮಾಡಿದರು. ಬಾವಿಯ ನೀರು ತುಂಬಿದ ಡ್ರಮ್ಮಿಗೆ ಪೈಪು ಇಟ್ಟು ಕಾಕ ಕೀಲಿ ತಿರುಗಿಸಿದರು. ಅದು ಕೆಮ್ಮಿತು, ಉಗುಳಿತು, ಆಮೇಲೆ ಗರ್ಜಿಸಿತು. ಹಂಚು ನಡುಗಿತು. ಕಾಗೆಗಳು ಊರು ಬಿಟ್ಟವು.

ಅದೇ ದಿನ ಬೇಲಿಯಾಚೆಯಾಕೆಯ ಮಗ ಬೊಂಬಾಯಿಯಿಂದ ವಿಮಾನದಲ್ಲಿ ಬರುವವನಿದ್ದ. ಸದ್ದು ಕೇಳಿದ್ದೇ ಆಕೆ, "ಅಯ್ಯೋ, ಬಂತು! ಬೇಗ ಬಂತು!" ಎಂದು ಕೂಗಿ, ಅರ್ಧ ಜಡೆಯ ಮಗಳನ್ನೂ ಸಾಬೂನು ಹಚ್ಚಿಕೊಂಡ ಗಂಡನನ್ನೂ ಕಾರಿಗೆ ತುಂಬಿಸಿ ಬಜಪೆಯ ವಿಮಾನ ನಿಲ್ದಾಣಕ್ಕೆ ಓಡಿದರು. ಅಲ್ಲಿ ಸಂಜೆಯವರೆಗೆ ಕೂತರು.

ಬೈಯಲು ಬರುತ್ತಾರೆಂದು ನಾನು ಹೆದರಿದ್ದೆ. ಬಂದದ್ದು ಮಗ ತಂದ ಖರ್ಜೂರದ ಪೊಟ್ಟಣದ ಜೊತೆ. "ಪ್ರತಿ ಸಲ ನಾವು ತಡವಾಗಿ ಹೋಗಿ ಅವನು ಬಿಸಿಲಲ್ಲಿ ನಿಂತಿರ್ತಾನೆ. ಈ ಸಲ ಅವನಿಗೆ ಖುಷಿಯೋ ಖುಷಿ. ಮುಂದಿನ ತಿಂಗಳು ಅಳಿಯ ಬರ್ತಾನೆ. ಆಗ ಎಷ್ಟು ಗಂಟೆಗೆ ಸ್ಟಾರ್ಟ್ ಮಾಡ್ತೀರಿ?"

ಪರಿಮಳ

ಮರದ ಕೆಲಸ ಮುಗಿದ ಮೇಲೆ ಲಾಂಚಿನ ಮೈಗೆ ಮೀನೆಣ್ಣೆ ಬಳಿದರು. ಆ ವಾಸನೆಗೆ ಬಿಕರ್ನಕಟ್ಟೆಯ ಬೆಕ್ಕುಗಳೆಲ್ಲ ನಮ್ಮಲ್ಲಿ ಸಭೆ ಸೇರಿದವು. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದದ್ದೂ ಆ ವಾರವೇ. ಅದೂ ಸೋಮವಾರ. ಅತ್ತೆಗೆ ಸೋಮವಾರ ಮೀನು ಆಗದು.

ಹುಡುಗನ ಸೋದರಮಾವ ಗೇಟು ದಾಟುತ್ತಲೇ ಮೂಗು ಅರಳಿಸಿದರು. ಕಾಫಿ ಕುಡಿದು ಹೊರಡಬೇಕಾದವರು ಊಟಕ್ಕೆ ನಿಂತರು. ಎಲೆಗೆ ತೊಂಡೆಕಾಯಿ ಪಲ್ಯ ಬಂತು, ಸಾರು ಬಂತು, ಪಾಯಸವೂ ಬಂತು. ಅವರ ಕಣ್ಣು ಅಡಿಗೆಮನೆಯ ಬಾಗಿಲಲ್ಲೇ. ಕೊನೆಗೆ ತಡೆಯಲಾರದೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಆ ಮೀನು ಕಾಯಿಸಿ ಆಗ್ಲಿಲ್ವಾ?"

ನಾನು ಕಿಟಕಿಯಿಂದ ಲಾಂಚನ್ನೂ ಬೆಕ್ಕುಗಳನ್ನೂ ತೋರಿಸಿದೆ.

ಸಂಬಂಧ ಕೂಡಿಬಂತು. ಅವರ ಕಡೆಯಿಂದ ಒಂದೇ ಶರತ್ತು: ಇನ್ನು ಮಾತುಕತೆಗೆ ಸೋಮವಾರ ಕರೆಯಬಾರದು.

ನೀರಿಗೆ

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಭಾನುವಾರ ಲಾಂಚು ನೇತ್ರಾವತಿಗೆ ಇಳಿಯಿತು. ದಡದಲ್ಲಿ ಅರ್ಧ ಬಿಕರ್ನಕಟ್ಟೆ, ಇವರ ಅಣ್ಣ ಕಳಿಸಿದ ಎರಡು ಪಾತ್ರೆ ಉಪ್ಪಿಟ್ಟು. ಅತ್ತೆ ಕಾಯಿ ಒಡೆದರು, ಕಾಕ ಬಿಸ್ಮಿಲ್ಲಾ ಎಂದರು. ನಾನು ಕೈ ಮುಗಿದೆ. ಹಗಲಿಡೀ ಹೋಟೆಲಿನಲ್ಲಿ ಕೂತು, ಸಂಜೆ ಎಣ್ಣೆ ಕೈಯಲ್ಲಿ ಶಿಳ್ಳೆ ಹಾಕುವ ಗಂಡನನ್ನು ಈ ಮರದ ಪೆಟ್ಟಿಗೆ ನನಗೆ ಕೊಟ್ಟಿತ್ತು. ಕೈ ಮುಗಿಯದೆ ಇನ್ನೇನು ಮಾಡಲಿ?

ಇಂಜಿನಿನ ಸದ್ದು ಆಗದೆಂದು ಅತ್ತೆ ತಮ್ಮ ಬೆತ್ತದ ಕುರ್ಚಿಯನ್ನು ಲಾಂಚಿನ ತೀರಾ ಹಿಂಭಾಗದಲ್ಲಿ, ಹೊರಗೆ ಮುಖ ಮಾಡಿ ಹಾಕಿಸಿಕೊಂಡರು. ಕೈಯಲ್ಲಿ ಕೊಡೆ. ನಾವೆಲ್ಲ ಮುಂಭಾಗದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಕಡೆ ನೋಡುತ್ತ ನಿಂತೆವು. ಬಿದಿರಿನ ಜಲ್ಲೆ ಊರಿ ಲಾಂಚನ್ನು ಹೊಳೆಯ ನಡುವಿಗೆ ತಂದು ಕಾಕ ಎರಡೂ ಇಂಜಿನಿಗೆ ಮುಂದಿನ ಗೇರು ಹಾಕಿದರು. ಲಾಂಚು ಹಿಂದೆ ಹೋಯಿತು.

"ಉಬ್ಬರದ ಸೆಳೆತ ಉಂಟು, ಸ್ವಲ್ಪ ಜೋರು ಕೊಡಿ!" ಎಂದರು ಇವರು. ಕಾಕ ಜೋರು ಕೊಟ್ಟರು. ಲಾಂಚು ಜೋರಾಗಿ ಹಿಂದೆ ಹೋಯಿತು.

ಕಾರಣ ಆಮೇಲೆ ಗೊತ್ತಾಯಿತು. ನೀರೊಳಗೆ ತಿರುಗಿ ಲಾಂಚನ್ನು ತಳ್ಳುವ ಎರಡು ಫ್ಯಾನುಗಳಲ್ಲಿ ಒಂದು ಬಲಕ್ಕೆ ತಿರುಗುವಂಥದ್ದು, ಒಂದು ಎಡಕ್ಕೆ. ಇಳಿಸುವ ಗಡಿಬಿಡಿಯಲ್ಲಿ ಬಲದ್ದು ಎಡಕ್ಕೂ ಎಡದ್ದು ಬಲಕ್ಕೂ ಕೂತಿತ್ತು. ಮರುದಿನವೇ ಸರಿ ಮಾಡಿದರು. ಆಮೇಲೆ ಎಷ್ಟೋ ವರ್ಷ, ಎಷ್ಟೋ ಭಾನುವಾರ, ನಮ್ಮನ್ನೂ ನೆರೆಯವರನ್ನೂ ಅದು ಹೊತ್ತು ತಿರುಗಿತು. ಒಂದು ದಿನವೂ ಕೈ ಕೊಡಲಿಲ್ಲ.

ಆದರೆ ಆ ಕ್ಷಣದಲ್ಲಿ ಯಾರಿಗೆ ಏನು ಗೊತ್ತು? ದಡದವರು ಕೂಗುತ್ತಿದ್ದಾರೆ. ಮರಳಿನ ದೋಣಿಯವರು ಎದ್ದು ನಿಂತು ಕೈ ಬೀಸುತ್ತಿದ್ದಾರೆ. ಅತ್ತೆ ಕುರ್ಚಿಯಿಂದ ಏಳದೆ, ಕೊಡೆಯನ್ನು ಕೋಲಿನಂತೆ ಚಾಚಿ, "ಸರಿಯಿರಿ, ಸರಿಯಿರಿ!" ಎಂದು ಅವರಿಗೆ ದಾರಿ ಹೇಳುತ್ತಿದ್ದಾರೆ. ಇವರು ಗಾಬರಿಯಿಂದ ಓಡಿ ಹೋಗಿ ಕುರ್ಚಿ ಹಿಡಿದುಕೊಂಡರು.

"ಅಮ್ಮಾ, ಏಳಿ! ಲಾಂಚು ಹಿಂದೆ ಹೋಗ್ತಾ ಉಂಟು!"

ಅತ್ತೆ ನಿಧಾನವಾಗಿ ತಿರುಗಿ ನಮ್ಮೆಲ್ಲರನ್ನೂ ನೋಡಿದರು.

"ಲಾಂಚು ಸರಿಯಾಗಿಯೇ ಹೋಗ್ತಾ ಉಂಟು ಮಾರಾಯ. ನೀವೆಲ್ಲ ಬೆನ್ನು ಹಾಕಿ ನಿಂತದ್ದು ಎಂತಕ್ಕೆ?"