ಕೊನೆಯ ಸ್ಥಾನಕ್ಕೆ ಮೊದಲ ಆಯ್ಕೆ

ಗೆಲ್ಲುವ ತಂಡದ ಮ್ಯಾನೇಜರಿಗೆ ಟ್ರೋಫಿ ಸಿಗುತ್ತದೆ, ಸೋಲುವ ತಂಡದ ಮ್ಯಾನೇಜರಿಗೆ ಹೇಳಿಕೊಳ್ಳಲು ಪ್ರಸಂಗಗಳು ಸಿಗುತ್ತವೆ. ಎಂಬತ್ತರ ದಶಕದಲ್ಲಿ ಎರಡು ವರ್ಷ ನಾನು ಅಮೆರಿಕದ ರೆಡ್‌ವುಡ್ ಸಿಟಿಯ ಕನ್ನಡಿಗರ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದೆ. ನಾನು ಆಡುತ್ತಿರಲಿಲ್ಲ. ನಿಯಮಗಳ ಪುಸ್ತಕ ಓದುತ್ತಿದ್ದೆ, ಸ್ಕೋರು ಬರೆಯುತ್ತಿದ್ದೆ, ತಡವಾಗಿ ಬಂದವರಿಗೆ ಗಡಿಯಾರ ತೋರಿಸುತ್ತಿದ್ದೆ. ಇಷ್ಟು ಶಿಸ್ತಿದ್ದ ಕಡೆ ನಗುವ ಸಂಗತಿ ನಡೆಯಬಾರದು. ಆದರೂ ಪ್ರತಿ ಶನಿವಾರ ಒಂದಲ್ಲ ಒಂದು ನಡೆಯುತ್ತಲೇ ಇತ್ತು.

ಆರಕ್ಕೆ ಆರು

ಆಗ ನಮ್ಮವರದು ನಾಲ್ಕು ತಂಡ. ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಗ್ಯಾಟೋಸ್, ಫ್ರೀಮಾಂಟ್, ಮತ್ತೆ ನಾವು. ಶನಿವಾರ ಬೆಳಿಗ್ಗೆ ಒಂದು ಸ್ಕೂಲಿನ ಜಿಮ್ಮಿನಲ್ಲಿ ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೋದವರೆಲ್ಲ ಡಾಕ್ಟರುಗಳು, ಎಲ್ಲರೂ ಎತ್ತರ. ನಮ್ಮವರೆಲ್ಲ ಎಂಜಿನಿಯರುಗಳು, ಎಲ್ಲರಿಗೂ ಅಭಿಪ್ರಾಯಗಳು.

ನಮ್ಮಲ್ಲಿ ಡಾಕ್ಟರು ಅಂತ ಇದ್ದವರು ಕ್ಯಾಪ್ಟನ್ ಒಬ್ಬರೇ. ಮಂಡ್ಯದವರು. ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವುದು ಅವರ ಕೆಲಸ. ‘ತಮ್ಮ ತಂಡಕ್ಕೂ ಅದನ್ನೇ ಕೊಟ್ಟು ಕರ್ಕೊಂಡು ಬರ್ತಾರೆ’ ಎಂದು ಎದುರಾಳಿಗಳು ಹೇಳುತ್ತಿದ್ದರು. ನಲವತ್ತು ದಾಟಿತ್ತು, ಎರಡೂ ಮಂಡಿ ನೋಯುತ್ತಿದ್ದವು. ಆದರೂ ಜಿಮ್ಮಿಗೆ ಎಲ್ಲರಿಗಿಂತ ಮೊದಲು ಬಂದು, ಸೋತ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಗೆದ್ದವರ ಕೈ ಕುಲುಕುವವರು ಅವರೇ. ಮೊದಲ ವರ್ಷ ಆರು ಸಲ ಕುಲುಕಿದರು. ಆಡಿದ್ದೂ ಆರೇ ಪಂದ್ಯ.

ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಆರನೆಯದರಲ್ಲಿ ಮಾತ್ರ ಗೆದ್ದೇ ಬಿಟ್ಟಿದ್ದೆವು. ಕೊನೆಯ ಗಳಿಗೆಯಲ್ಲಿ ನಮ್ಮವನೊಬ್ಬ ಬಾಸ್ಕೆಟ್ ಹಾಕಿದ. ಹಾಕುವ ಮುಂಚೆ ಅವನ ಕಾಲು ಅಂಚಿನ ಗೆರೆ ಮುಟ್ಟಿದ್ದು ರೆಫರಿಗೆ ಕಾಣಲಿಲ್ಲ, ನನಗೆ ಕಂಡಿತು. ಸ್ಕೋರು ಮೇಜಿನಿಂದ ಎದ್ದು ನಿಂತು ಹೇಳಿದೆ. ಬಾಸ್ಕೆಟ್ ರದ್ದಾಯಿತು. ಒಂದು ಪಾಯಿಂಟಿನಿಂದ ಸೋತೆವು. ಎಂಜಿನಿಯರುಗಳು ನನ್ನನ್ನು ಸುತ್ತುವರಿದರು. ಕ್ಯಾಪ್ಟನ್ ಕುಂಟುತ್ತಾ ಬಂದು ಅವರನ್ನು ಸರಿಸಿದರು.

‘ಬುಡ್ರಪ್ಪಾ. ಸಾರ್ ಹೇಳಿದ್ ಮೇಲೆ ಗೆರೆ ಮುಟ್ಟಿದೆ ಅಂತಲೇ ಅರ್ಥ.’

ಹೊರಗೆ ಕಾರಿನ ಹತ್ತಿರ ಅವರ ಹೆಂಡತಿ ಕಾಯುತ್ತಿದ್ದರು. ‘ಇನ್ನು ಸಾಕು ರೀ. ಮೆಟ್ಟಿಲು ಹತ್ತಕ್ಕಾಗಲ್ಲ ನಿಮಗೆ’ ಎಂದರು.

‘ಇನ್ನೊಂದು ವರ್ಷ ಕಣೇ. ಒಂದು ಮ್ಯಾಚು, ಒಂದೇ ಒಂದು ಗೆದ್ದುಬುಟ್ರೆ ಸಾಕು. ಅದೂ ಆಗ್ಲಿಲ್ಲ ಅಂದ್ರೆ ಶೂ ಬಿಚ್ಚಿ ನಿನ್ನ ಕೈಗೇ ಕೊಡ್ತೀನಿ.’

ಆಕೆ ಕಾರಿನ ಬಾಗಿಲು ತೆಗೆದು ಹೇಳಿದರು: ‘ಅದಕ್ಕೆ ಡಬ್ಬ ಆಗಲೇ ಎತ್ತಿಟ್ಟಿದೀನಿ.’

ಫಾರಂ

ಆ ವರ್ಷಗಳಲ್ಲಿ ನಮ್ಮ ಕಡೆಯ ವೃತ್ತಿಪರ ತಂಡದ ಗತಿಯೂ ಅಷ್ಟಕ್ಕಷ್ಟೇ. ಆಫೀಸಿನ ಲಂಚ್ ರೂಮಿನಲ್ಲಿ ಇಡೀ ಬೇಸಿಗೆ ಒಂದೇ ಮಾತು: ಡ್ರಾಫ್ಟಿನಲ್ಲಿ ಯಾವ ಕಾಲೇಜು ಹುಡುಗ ಸಿಗುತ್ತಾನೆ? ಸೋತ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಹಕ್ಕು ಕೊಡುವ ಈ ಪದ್ಧತಿ ನನಗೆ ಬಹಳ ನ್ಯಾಯವಾಗಿ ಕಂಡಿತು. ನಮ್ಮ ನಾಲ್ಕು ತಂಡಗಳಿಗೂ ಅದನ್ನೇ ಬರೆದುಕೊಟ್ಟೆ. ಆ ವರ್ಷ ಹೊಸದಾಗಿ ಬಂದಿಳಿದ ಕನ್ನಡಿಗರಲ್ಲಿ ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ. ಹೆಸರು ಚೀಟಿಯಲ್ಲಿ ಬರೆಯಬೇಕು. ಚೀಟಿ ಮಡಚಿದ ಮೇಲೆ ಬದಲಾವಣೆ ಇಲ್ಲ. ಈ ಕೊನೆಯ ಸಾಲಿಗೆ ನಾನೇ ಅಡಿಗೆರೆ ಎಳೆದಿದ್ದೆ.

ಹೊಸಬರು ನಾಲ್ವರಿದ್ದರು. ಒಬ್ಬೊಬ್ಬರಿಗೂ ಟೈಪ್ ಮಾಡಿದ ಒಂದು ಫಾರಂ ಕಳಿಸಿದೆ. ಎತ್ತರ, ತೂಕ, ಅನುಭವ, ಷರಾ. ಮೊದಲನೆಯವರು ಅನುಭವದ ಮುಂದೆ ‘ಮೂರು ವರ್ಷ, ಪಂಪ್‌ಸೆಟ್ ಡಿಸೈನು’ ಎಂದು ಬರೆದು, ಮೇಲಧಿಕಾರಿಯ ಸರ್ಟಿಫಿಕೇಟನ್ನೂ ಲಗತ್ತಿಸಿದ್ದರು. ಎರಡನೆಯವರು ಎಲ್ಲವನ್ನೂ ಸರಿಯಾಗಿ ತುಂಬಿ ಸಹಿ ಮರೆತಿದ್ದರು, ವಾಪಸ್ ಕಳಿಸಿದೆ. ಮೂರನೆಯವರ ಫಾರಂ ಬರುವ ಮೊದಲು ಫೋನು ಬಂತು. ಮೈಸೂರಿನಿಂದ ಮಗಳ ಬಾಣಂತನಕ್ಕೆ ಬಂದಿದ್ದ ಅವರ ಅತ್ತೆ.

‘ಯಾರಪ್ಪಾ, ನಮ್ಮ ಅಳಿಯಂದಿರ ಎತ್ತರ ತೂಕ ಕೇಳಿರೋರು?’

‘ನಾನಮ್ಮ. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ.’

‘ಅವರಿಗೆ ಮದುವೆ ಆಗಿದೆಯಲ್ಲಪ್ಪಾ. ನಮ್ಮ ಮಗಳನ್ನೇ ಕೊಟ್ಟಿದೀವಿ.’

‘ಗೊತ್ತಮ್ಮ. ಇದು ಆಟಕ್ಕೆ.’

‘ಆಟಕ್ಕಾ! ಅಯ್ಯೋ, ನಾನು ಗೋತ್ರ, ನಕ್ಷತ್ರ ಎಲ್ಲಾ ಬರೆದುಬಿಟ್ಟೆನಲ್ಲ.’

ಫಾರಂ ಬಂತು. ಷರಾದ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಪುನರ್ವಸು ನಕ್ಷತ್ರ ಎಂದಿತ್ತು. ಕ್ಯಾಪ್ಟನ್ ಅದನ್ನು ಬಹಳ ಹೊತ್ತು ನೋಡಿದರು.

‘ಇವರನ್ನೇ ತಗಳಾಣ ಸಾರ್. ಆರಕ್ಕೆ ಆರು ಸೋತಿರೋ ತಂಡಕ್ಕೆ ಒಬ್ಬರಾದ್ರೂ ಒಳ್ಳೇ ನಕ್ಷತ್ರದೋರು ಬೇಡ್ವಾ?’

ಕಿಟಕಿಯ ಲೆಕ್ಕ

ನಾಲ್ಕನೆಯವರು ಫಾರಂ ಕಳಿಸಲೇ ಇಲ್ಲ. ಹಾಸನದ ಕಡೆಯವರು, ಚಿಪ್ ಕಂಪನಿಯಲ್ಲಿ ಕೆಲಸ. ಫೋನ್ ಮಾಡಿದರೆ ‘ಭಾನುವಾರ ಲಾಸ್ ಗ್ಯಾಟೋಸಲ್ಲಿ ಸತ್ಯನಾರಾಯಣ ಪೂಜೆಗೆ ಬರ್ತೀರಲ್ಲ ಸಾರ್, ಅಲ್ಲೇ ನೋಡಿಬಿಡಿ’ ಎಂದರು. ಡ್ರಾಫ್ಟು ಇಟ್ಟುಕೊಂಡಿದ್ದೂ ಆ ಮನೆಯಲ್ಲೇ, ಊಟಕ್ಕೆ ಮುಂಚೆ.

ನಾನೂ ಕ್ಯಾಪ್ಟನ್ನರೂ ಹೋಗುವ ಹೊತ್ತಿಗೆ ಪೂಜೆ ಅರ್ಧ ಮುಗಿದಿತ್ತು. ಹಾಲಿನ ತುಂಬ ಜನ ಕಾರ್ಪೆಟ್ಟಿನ ಮೇಲೆ ಕೂತಿದ್ದರು. ಆಗ ನಮ್ಮ ಕಡೆ ಪುರೋಹಿತರು ಸಿಗುತ್ತಿರಲಿಲ್ಲ. ಅಜ್ಜನಿಂದ ಮಂತ್ರ ಕಲಿತಿದ್ದ ನಮ್ಮ ನಾಲ್ಕನೆಯವರೇ ಪೂಜೆ ಮಾಡಿಸುತ್ತಾ ಕಥೆ ಹೇಳುತ್ತಿದ್ದರು. ಎಂಥ ಕಂಠ! ಹಿಂದಿನ ಸಾಲಿನಲ್ಲಿ ಒಂದು ಮಗುವೂ ಅಳಲಿಲ್ಲ. ಆದರೆ ಕ್ಯಾಪ್ಟನ್ ಕೇಳಿಸಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದರು. ಮೆಲ್ಲಗೆ ನನ್ನ ಮೊಣಕೈ ತಿವಿದರು.

‘ಸಾರ್, ಕೂತಾಗಲೇ ಇಷ್ಟುದ್ದ. ನಿಂತ್ರೆ ಎಷ್ಟಿರಬೋದು?’

ನಾನು ಊಹೆಯ ಮೇಲೆ ಏನನ್ನೂ ಮಾಡುವವನಲ್ಲ. ಪಂಚೆ ಉಟ್ಟು ಕೂತಿದ್ದ ಅವರ ತಲೆ ಹಿಂದಿನ ಕಿಟಕಿಯ ಕೆಳ ಅಂಚಿಗಿಂತ ಒಂದು ಗೇಣು ಮೇಲಿತ್ತು. ಪಕ್ಕದಲ್ಲಿ ಕೂತಿದ್ದ ಮನೆಯ ಯಜಮಾನರದು ನಾಲ್ಕು ಬೆರಳು ಕೆಳಗೆ. ಯಜಮಾನರ ಎತ್ತರ ನನಗೆ ಗೊತ್ತಿತ್ತು. ಪೂಜೆಯ ಪತ್ರಿಕೆಯ ಹಿಂಬದಿಯಲ್ಲಿ ತ್ರೈರಾಶಿ ಹಾಕಿದೆ. ಆರಡಿ ಎರಡಂಗುಲ ಬಂತು. ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ಕಥೆಯ ಕೊನೆಯ ಅಧ್ಯಾಯದ ನಡುವೆ ಡೈನಿಂಗ್ ಟೇಬಲ್ಲಿನ ಸುತ್ತ ನಾಲ್ಕು ತಂಡದವರೂ ಸೇರಿದೆವು. ಮೊದಲ ಆಯ್ಕೆ ನಮ್ಮದು. ಹೆಸರು ಬರೆದೆ, ಚೀಟಿ ಮಡಚಿದೆ.

ಮಂಗಳಾರತಿಗೆ ಅವರು ಎದ್ದರು. ಎದ್ದರು ಎಂದು ಗೊತ್ತಾದದ್ದು ಗಂಟೆಯ ಶಬ್ದದಿಂದ. ತಲೆ ಇದ್ದಲ್ಲೇ ಇತ್ತು ಎಂದರೂ ತಪ್ಪಿಲ್ಲ. ಅವರು ಕೂತಿದ್ದ ಜಾಗದಲ್ಲಿ ಹೊದಿಸಿದ್ದ ಜರಿ ಶಾಲು ಜಾರಿ, ಕೆಳಗಿದ್ದ ಮೂರು ದಪ್ಪ ಟೆಲಿಫೋನ್ ಡೈರೆಕ್ಟರಿಗಳೂ ಮೇಲೊಂದು ಸೋಫಾ ದಿಂಬೂ ಕಂಡವು. ಕಥೆ ಹೇಳುವವರು ಎಲ್ಲರ ಸಮಕ್ಕೆ ನೆಲದ ಮೇಲೆ ಕೂರಬಾರದೆಂದು ಮನೆಯೊಡತಿ ಮಾಡಿಕೊಟ್ಟಿದ್ದ ಪೀಠ. ನಿಜವಾದ ಎತ್ತರ ಐದಡಿ ನಾಲ್ಕಂಗುಲ.

ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಪ್ಟನ್ ಕಣ್ಣೊರೆಸಿಕೊಳ್ಳುತ್ತಾ, ‘ಸಾರ್, ಬೇಕಿದ್ರೆ ಬದಲಾಯಿಸಿಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ’ ಎಂದರು. ದೊಡ್ಡ ಮನಸ್ಸು. ಆದರೆ ನಿಯಮ ನಿಯಮವೇ. ಚೀಟಿ ಮಡಚಿಯಾಗಿತ್ತು.

ನಾನು ತಲೆ ತಗ್ಗಿಸಿ ಕ್ಯಾಪ್ಟನ್ನರ ಕಡೆ ನೋಡಿದೆ. ಅವರು ಒಂದು ಸಲ ಮಂಡಿ ಸವರಿಕೊಂಡರು.

‘ಬುಡಿ ಸಾರ್. ಸೋತ ಮೇಲೆ ಕೂತ್ಕಂಡು ಕೇಳಕ್ಕೆ ಒಂದೊಳ್ಳೇ ಕಥೆಯಾದ್ರೂ ಸಿಗ್ತದೆ.’

ನೂರೆಂಟು

ಭಟ್ಟರು (ಅಷ್ಟರಲ್ಲಿ ಎಲ್ಲರೂ ಹಾಗೇ ಕರೆಯತೊಡಗಿದ್ದರು) ಅಲ್ಲಿಯವರೆಗೆ ಬ್ಯಾಸ್ಕೆಟ್‌ಬಾಲನ್ನು ಮುಟ್ಟಿದವರಲ್ಲ. ಓಡಿದರೆ ಚೆಂಡು ಹಿಂದೆ ಉಳಿಯುತ್ತಿತ್ತು, ಚೆಂಡಿನ ಜೊತೆ ಓಡಿದರೆ ಕನ್ನಡಕ ಹಿಂದೆ ಉಳಿಯುತ್ತಿತ್ತು. ಎರಡು ವಾರ ಆದ ಮೇಲೆ ನನ್ನ ಹತ್ತಿರ ಬಂದರು.

‘ಸಾರ್, ಈ ಆಟದಲ್ಲಿ ಯಾರೂ ಅಡ್ಡ ಬರದೆ, ನಿಂತ ಜಾಗದಲ್ಲೇ ನಿಂತು, ದಿನಾ ಒಂದೇ ರೀತಿ ಮಾಡೋ ಕೆಲಸ ಏನಾದ್ರೂ ಇದೆಯಾ?’

ಇತ್ತು. ಎದುರಾಳಿ ಮೈಮೇಲೆ ಬಿದ್ದರೆ ನಮಗೆ ಸಿಗುವ ಫ್ರೀ ಥ್ರೋ. ಗೆರೆಯ ಹಿಂದೆ ನಿಂತು ಆರಾಮವಾಗಿ ಎಸೆಯಬಹುದು. ಒಳಗೆ ಬಿದ್ದರೆ ಒಂದು ಪಾಯಿಂಟು, ಕೊನೆಯ ಎಸೆತ ತಪ್ಪಿದರೆ ಚೆಂಡು ಹಿಡಿದವರದು.

‘ಹಾಗಾದ್ರೆ ಅದೊಂದು ನನಗಿರಲಿ.’

ಮರುದಿನದಿಂದ ಬೆಳಿಗ್ಗೆ ಆರು ಗಂಟೆಗೆ ತಮ್ಮ ಮನೆಯೆದುರಿನ ಸ್ಕೂಲಿನ ಅಂಗಳದಲ್ಲಿ ಹಾಜರು. ಮಂಜಿರಲಿ, ಚಳಿಯಿರಲಿ, ನೂರೆಂಟು ಎಸೆತ. ಮೂರು ಸಲ ಚೆಂಡು ನೆಲಕ್ಕೆ ಕುಟ್ಟುವುದು, ಬಾಯಲ್ಲೇ ಮಂಗಳಾರತಿಯ ಮಂತ್ರ ಗುನುಗುವುದು, ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟೆ ಎತ್ತಿದ ಹಾಗೆ ಚೆಂಡನ್ನು ಎತ್ತಿಬಿಡುವುದು. ನೋಡುವುದಕ್ಕೆ ವಿಚಿತ್ರ. ಪುಸ್ತಕ ತೆಗೆದು ನೋಡಿದೆ, ಹೀಗೆ ಎಸೆಯಬಾರದು ಎಂದು ಎಲ್ಲೂ ಇರಲಿಲ್ಲ. ಮೊದಲ ತಿಂಗಳು ನೂರೆಂಟಕ್ಕೆ ಹನ್ನೊಂದು ಒಳಗೆ ಬಿದ್ದವು. ಆರನೆಯ ತಿಂಗಳು ತೊಂಬತ್ತು. ನಾನು ಜೀವನದಲ್ಲಿ ಬಹಳ ಜನ ಪ್ರತಿಭಾವಂತರನ್ನು ನೋಡಿದ್ದೇನೆ. ಇಂಥ ಹಟವನ್ನು ನೋಡಿಲ್ಲ. ಅದರ ಜೊತೆಗೆ ಆ ವರ್ಷ ನಾಲ್ಕು ಊರಿನ ಎಲ್ಲರ ಮನೆಯ ಗೃಹಪ್ರವೇಶ, ನಾಮಕರಣ, ಗಣಪತಿ ಪೂಜೆಯೂ ಅವರದೇ. ಫ್ರೀವೇ ಮೇಲೆ ಪಂಚೆ ಉಟ್ಟು ಕಾರು ಓಡಿಸುತ್ತಿದ್ದರು, ಹಿಂದಿನ ಸೀಟಿನಲ್ಲಿ ಕಳಶ, ಪಕ್ಕದಲ್ಲಿ ಚೆಂಡು.

ಒಂದು ದಿನ ಕೇಳಿದೆ: ‘ಭಟ್ಟರೇ, ನೂರು ಸಾಕಲ್ಲವೇ? ನೂರೆಂಟರಲ್ಲಿ ಏನಾದರೂ ವಿಶೇಷ ಫಲ ಇದೆಯೋ?’

‘ಇದೆ ಸಾರ್. ನಮ್ಮನೆಯವಳು ಅಡುಗೆಮನೆ ಕಿಟಕಿಯಿಂದ ಎಣಿಸ್ತಾಳೆ. ನೂರೆಂಟಾದ ಮೇಲೇ ಕಾಫಿ.’

ಮಂಗಳಾರತಿ

ಎರಡನೆಯ ಸೀಸನ್ನಿನಲ್ಲೂ ಐದು ಪಂದ್ಯ ಸೋತೆವು. ಆರನೆಯದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ. ಅವರು ಒಂದನ್ನೂ ಸೋತಿರಲಿಲ್ಲ. ಕ್ಯಾಪ್ಟನ್ ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದರು. ಅವರ ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದರು, ತೊಡೆಯ ಮೇಲೆ ರಟ್ಟಿನ ಡಬ್ಬ. ಎಲ್ಲರಿಗೂ ಅದು ಏನೆಂದು ಗೊತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ.

ಅವತ್ತು ಕ್ಯಾಪ್ಟನ್ ಆಡಿದ ಆಟವನ್ನು ನಾನು ಮರೆತಿಲ್ಲ. ಓಡಲಾಗದವರು ಸರಿಯಾದ ಜಾಗದಲ್ಲಿ ನಿಲ್ಲುವುದನ್ನು ಕಲಿತಿದ್ದರು. ಮೂರು ಸೆಕೆಂಡು ಉಳಿದಾಗ ನಾವು ಒಂದೇ ಪಾಯಿಂಟು ಹಿಂದೆ. ಆಗ ಎದುರಾಳಿಗಳಲ್ಲಿ ಅತಿ ಎತ್ತರದ ಹೃದ್ರೋಗ ತಜ್ಞರು ಭಟ್ಟರ ಮೇಲೆ ಬಿದ್ದರು. ಎರಡು ಫ್ರೀ ಥ್ರೋ.

ಭಟ್ಟರು ಗೆರೆಯ ಹಿಂದೆ ನಿಂತರು. ಮೂರು ಸಲ ಕುಟ್ಟಿದರು, ಗುನುಗಿದರು, ಎತ್ತಿದರು. ಚೆಂಡು ಬಲೆಯೊಳಗೆ ಇಳಿಯಿತು. ಸಮ.

ಎರಡನೆಯ ಎಸೆತ. ಮೂರು ಸಲ ಕುಟ್ಟಿದರು. ಇಷ್ಟು ದಿನ ಬಾಯಲ್ಲೇ ಇದ್ದ ಮಂತ್ರ, ಗಾಬರಿಗೆ, ಪೂರ್ತಿ ಕಂಠದಲ್ಲಿ ಹೊರಗೆ ಬಂತು. ಪೂಜೆಯ ಮನೆಯಲ್ಲಿ ಬಂದ ಹಾಗೇ. ಚೆಂಡು ತಟ್ಟೆಯ ಹಾಗೆ ಮೇಲೆದ್ದಿತು.

ಗ್ಯಾಲರಿಯ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಅಳಿಯನ ನಕ್ಷತ್ರ ಬರೆದಿದ್ದ ಅತ್ತೆಯವರು ಕೆನ್ನೆ ಕೆನ್ನೆ ಬಡಿದುಕೊಂಡರು. ಬಾಸ್ಕೆಟ್ಟಿನ ಕೆಳಗೆ ಚೆಂಡಿಗೆ ಹಾರಬೇಕಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದವರು ಕೈ ಮುಗಿದು ಕಣ್ಣು ಮುಚ್ಚಿದರು. ಹೃದ್ರೋಗ ತಜ್ಞರ ಮಗನ ನಾಮಕರಣ ಹಿಂದಿನ ವಾರವಷ್ಟೇ ಇದೇ ದನಿಯಲ್ಲಿ ಆಗಿತ್ತು. ಅವರು ನಿಂತಲ್ಲೇ ಒಂದು ಪ್ರದಕ್ಷಿಣೆಯನ್ನೂ ಹಾಕಿದರು. ನಮ್ಮ ಎಂಜಿನಿಯರುಗಳೂ ಕೈ ಮುಗಿದರು. ಪೆನ್ನು ಕೆಳಗಿಟ್ಟು ನಾನೂ ಎದ್ದು ನಿಂತಿದ್ದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಚೆಂಡು ಒಳಗೆ ಬೀಳಲಿಲ್ಲ. ಬಳೆಗೆ ಬಡಿದು ಹೊರಗೆ ಬಂತು, ನೇರವಾಗಿ ಕ್ಯಾಪ್ಟನ್ನರ ಮುಂದೆ. ಸುತ್ತ ಇದ್ದವರೆಲ್ಲ ಭಕ್ತಿಯಲ್ಲಿದ್ದರು. ಕ್ಯಾಪ್ಟನ್ ಚೆಂಡು ಹಿಡಿದು, ಮೆಲ್ಲಗೆ ನೆಟ್ಟಗಾಗಿ, ಒಂದು ಅಂಗುಲವೂ ಹಾರದೆ ಒಳಗೆ ಹಾಕಿದರು. ಗಂಟೆ ಹೊಡೆಯಿತು.

ರೆಫರಿ ಅಮೆರಿಕದವರು, ಅದೇ ಸ್ಕೂಲಿನ ಕೋಚು. ‘ಬಾಸ್ಕೆಟ್ ಸರಿಯಾಗಿದೆ. ಆದರೆ ಇಂಥ ಡಿಫೆನ್ಸನ್ನು ನಾನು ಎಲ್ಲೂ ನೋಡಿಲ್ಲ’ ಎಂದರು. ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಪ್ಟನ್ ಮುಗಿದ ಕೈಯನ್ನು ಬಿಡಿಸಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದರು.

‘ಇದು ಅನ್ಯಾಯ ಸಾರ್. ನಿಯಮ ಗೊತ್ತಿರೋರು ನೀವು, ನೀವೇ ಹೇಳಿ.’

ಪುಸ್ತಕ ತೆರೆದು ಆ ಪುಟವನ್ನು ಎರಡು ಸಲ ಓದಿದೆ. ‘ಎಸೆಯುವವನಿಗೆ ಬೇರೆಯವರು ತೊಂದರೆ ಕೊಡಬಾರದು ಅಂತಿದೆ. ಎಸೆಯುವವನು ಬೇರೆಯವರಿಗೆ ಭಕ್ತಿ ಬರಿಸಬಾರದು ಅಂತ ಇಲ್ಲ. ಮುಂದಿನ ವರ್ಷಕ್ಕೆ ನಾನೇ ಸೇರಿಸುತ್ತೇನೆ. ಈ ವರ್ಷಕ್ಕೆ ಬಾಸ್ಕೆಟ್ ನಿಲ್ಲುತ್ತದೆ.’

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಹೋದ ವರ್ಷದ ಗೆರೆ ನೆನಪಾಗಿರಬೇಕು. ತಮ್ಮವರ ಕಡೆ ತಿರುಗಿ, ‘ನಡೀರಪ್ಪಾ, ಸಾರ್ ಹೇಳಿದ ಮೇಲೆ ಮುಗೀತು’ ಎಂದು, ನಮ್ಮ ಕ್ಯಾಪ್ಟನ್ನರ ಕೈ ಕುಲುಕಲು ತಾವೇ ಮೊದಲು ಹೋದರು.

ಕ್ಯಾಪ್ಟನ್ನರ ಹೆಂಡತಿ ಡಬ್ಬ ತೆರೆದರು. ಒಳಗೆ ಚಕ್ಕುಲಿ ತುಂಬಿತ್ತು. ‘ಶೂಗೆ ಅಂತಲೇ ತೆಗೆದಿಟ್ಟಿದ್ದೆ. ಬೆಳಿಗ್ಗೆ ಯಾಕೋ ಮನಸ್ಸು ಬರಲಿಲ್ಲ’ ಎಂದರು. ಕ್ಯಾಪ್ಟನ್ ಒಂದು ಚಕ್ಕುಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು, ತಿನ್ನಲಿಲ್ಲ.

ನಾನು ಪಕ್ಕದಲ್ಲಿ ಕೂತೆ. ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟೆ. ‘ಡಾಕ್ಟ್ರೇ, ಇಡೀ ಜಿಮ್ಮಿನಲ್ಲಿ ನಿಮ್ಮೊಬ್ಬರ ಗಮನ ಮಾತ್ರ ಚೆಂಡಿನ ಮೇಲಿತ್ತು. ಅದಕ್ಕೇ ನೀವು ಕ್ಯಾಪ್ಟನ್.’

‘ಗಮನ ಎಲ್ಲಿ ಬಂತು ಸಾರ್’ ಎಂದರು ಅವರು. ‘ನೋವು ತಡೀಲಾರ್ದೆ ಎರಡು ಕೈಲೂ ಮಂಡಿ ಹಿಡ್ಕಂಡು ಬಗ್ಗಿದ್ದೆ. ಇಲ್ದಿದ್ರೆ ನಾನೂ ಕೈ ಮುಗೀತಿದ್ದೆ.’