ನಡುಮನೆಯ ಬಸ್ಕಿ, ಗರಡಿಯ ಮಣ್ಣು

ಮೇಷ್ಟರಾದವನಿಗೆ ಗಂಟಲೊಂದು ಗಟ್ಟಿಯಾಗಿದ್ದರೆ ಸಾಕು, ಉಳಿದ ದೇಹವೆಲ್ಲ ಅದನ್ನು ಹೊತ್ತು ತಿರುಗುವುದಕ್ಕಿರುವ ಸಾಮಾನು ಎಂದು ನಾನು ಬಹುಕಾಲ ನಂಬಿದ್ದೆ. ಶ್ರೀನಿವಾಸಪುರದ ಶಾಲೆಯಲ್ಲಿ ನಾನು ಮಾಡುತ್ತಿದ್ದ ಪಾಠ ಸಂತೆಬೀದಿಯವರೆಗೂ ಕೇಳಿಸುತ್ತಿತ್ತು. ಆದರೆ ಕೋಟು ಕಳಚಿ ಗೂಟಕ್ಕೆ ಹಾಕಿದರೆ, ನಮ್ಮಿಬ್ಬರಲ್ಲಿ ಕೋಟೇ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತಿತ್ತು. ಇದರಿಂದ ನನಗೇನೂ ದುಃಖವಿರಲಿಲ್ಲ. ದುಃಖ ಹತ್ತಿದ್ದು ಇದ್ದಿಲ ಬಸ್ಸಿನಿಂದ.

ಅದು ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ಇಳಿಜಾರಿನಲ್ಲಿ ಅವು ನಮ್ಮನ್ನು ಹೊತ್ತರೆ, ಏರಿನಲ್ಲಿ ನಾವು ಅವನ್ನು ನೂಕಬೇಕಾಗಿತ್ತು. ನಾನೂ ನನ್ನ ಹೆಂಡತಿ ಶಾರದೆಯೂ ಕೋಲಾರದಿಂದ ಬರುತ್ತಿದ್ದಾಗ ಒಂದು ದಿಣ್ಣೆಯಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಿತು. “ಗಂಡಸ್ರೆಲ್ಲಾ ಇಳೀರಪ್ಪಾ, ಒಂದು ಕೈ ಹಾಕಿ!” ಎಂದ ಡ್ರೈವರು. ನಾನೂ ಎದ್ದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಷ್ಟ್ರೇ, ನೀವು ಕೂತ್ಕೊಳ್ಳಿ. ನೀವು ಒಳಗಿದ್ರೂ ಬಸ್ಸಿಗೇನೂ ಗೊತ್ತಾಗಲ್ಲ” ಎಂದ. ಹೆಂಗಸರ ನಡುವೆ ಕೂತೇ ಇದ್ದೆ. ಶಾರದೆ ಊರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಭುಜ ಮಾತ್ರ ಆಗಾಗ ನಗುವಿನಿಂದ ಅಲುಗುತ್ತಿತ್ತು.

ಮಾರನೆಯ ದಿನವೇ ಕಸರತ್ತು ಶುರು ಮಾಡಿದೆ. ನಮ್ಮ ಶಾಲೆಯ ಡ್ರಿಲ್ ಮೇಷ್ಟರು, “ಗರಡಿಗಿರಡಿ ಎಲ್ಲಾ ಯಾಕೆ ಸಾರ್? ಮನೇಲೇ ಮಾಡಿ. ಉಸಿರಾಟ ಸರಿಯಾಗಿದ್ರೆ ಎಲ್ಲಾ ಸರಿಯಾಗತ್ತೆ” ಎಂದು ಧೈರ್ಯ ಹೇಳಿದ್ದರು. ಆದರೆ ಅವರು ಒಂಟಿ ಮನುಷ್ಯರು. ಸಂಸಾರಸ್ಥನ ನಡುಮನೆ ಎಂಥದೆಂದು ಅವರಿಗೇನು ಗೊತ್ತು? ನಾನು ಗಣಪತಿಯ ಪಟದ ಎದುರು ಬಸ್ಕಿ ಹೊಡೆಯುತ್ತಿದ್ದರೆ, ನಮ್ಮೊಡನೆಯೇ ಇದ್ದ ನನ್ನ ಅತ್ತೆಯವರು, “ಏನೇ ಶಾರದಾ, ನಿನ್ನ ಗಂಡ ಏನಾದ್ರೂ ತಪ್ಪು ಮಾಡಿದಾರೇನೇ?” ಎಂದರು. ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಅವರದಲ್ಲ. ಮಗಳಿಗೆ ಹೇಳಿದಂತೆ ಮಾಡಿ ನನಗೆ ಕೇಳಿಸುತ್ತಿದ್ದರು. ದಂಡ ತೆಗೆಯಲು ನೆಲಕ್ಕೆ ಬಗ್ಗಿದರೆ ಶಾರದೆ, “ಹೇಗೂ ಬಗ್ಗಿದೀರಲ್ಲ, ಆ ಮಂಚದ ಕೆಳಗೆ ಉರುಳಿರೋ ಚೊಂಬು ತೆಕ್ಕೊಡಿ” ಎನ್ನುತ್ತಿದ್ದಳು. ಕೊನೆಗೆ ನನ್ನ ನೆಗೆತದ ಸದ್ದು ಕೇಳಿ ಪಕ್ಕದ ಮನೆಯಾಕೆ ಓಡಿಬಂದು, “ಶಾರದಮ್ಮಾ, ಮೇಷ್ಟ್ರು ಹೊಡೀತಿದಾರೇನಮ್ಮಾ?” ಎಂದು ಕೇಳಿದ ದಿನ ಮನೆಯ ಕಸರತ್ತಿಗೆ ಮಂಗಳ ಹಾಡಿ ಊರ ಗರಡಿಯ ದಾರಿ ಹಿಡಿದೆ.

ಗರಡಿಯ ಉಸ್ತಾದರಾಗಿದ್ದವರು ಬಾಷಾ ಸಾಬರು. ಬಾಗಿಲಲ್ಲಿ ಅನುಮಾನಿಸುತ್ತ ನಿಂತ ನನ್ನನ್ನು ನೋಡಿ, “ಅರೇ, ಮೇಷ್ಟ್ರು! ಆವೋ ಜೀ, ಬನ್ನಿ. ಆ ಕೋಟು, ರುಮಾಲು ಎಲ್ಲಾ ಹೊರಗೆ ಇಟ್ಬಿಡಿ. ಒಳಗೆ ಬರೀ ಆದ್ಮಿ ಬಂದ್ರೆ ಸಾಕು” ಎಂದರು. ಹೀಗೆ ಬರೀ ಆದ್ಮಿಯಾಗಿ, ಲಂಗೋಟಿ ಕಟ್ಟಿ, ಕೆಮ್ಮಣ್ಣಿಗಿಳಿದೆ. ಅಲ್ಲಿ ನಮ್ಮ ಎಮ್ಮೆ ಬತ್ತಿದಂದಿನಿಂದ ನಮಗೆ ಹಾಲು ಹಾಕುತ್ತಿದ್ದವನಿದ್ದ, ಗಾಡಿ ಹೊಡೆಯುವವನಿದ್ದ. ಯಲ್ದೂರಿನ ಕಡೆಯ ಮಾವಿನ ತೋಪಿನಿಂದ ಬಂದು ಊರಲ್ಲೇ ನೆಲೆಸಿದ್ದ ಮುನಿವೆಂಕಟಪ್ಪನಿದ್ದ. ಮನೆಯಲ್ಲಿ ತೆಲುಗಾಡುವ ಮುನಿವೆಂಕಟಪ್ಪ ನನ್ನ ದಂಡಗಳನ್ನೂ ತೆಲುಗಿನಲ್ಲೇ ಎಣಿಸುತ್ತಿದ್ದ. “ಒಕಟಿ... ರೆಂಡು... ಲೇವಂಡಿ ಸಾಮೀ, ಏಳಿ ಮ್ಯಾಕೆ!” ಐದರಾಚೆಗಿನ ತೆಲುಗು ನನಗೆ ಬಹಳ ದಿನ ಬೇಕಾಗಲೇ ಇಲ್ಲ. ಆದರೂ ನಾನು ಬಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ. ಎತ್ತಿ ನಿಲ್ಲಿಸಿ, ಬೆನ್ನಿನ ಮಣ್ಣು ತಟ್ಟಿ, ಮತ್ತೆ ಕೆಡವುತ್ತಿದ್ದರು. ಅದರಲ್ಲೊಂದು ಮರ್ಯಾದೆಯಿತ್ತು.

ಅತ್ತೆಯವರಿಗೆ ಇದು ಹಿಡಿಸಲಿಲ್ಲ. ಗರಡಿಯ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿ ಹದಮಾಡುತ್ತಾರೆಂದು ನಾನು ಹೇಳಿದ್ದೇ ತಪ್ಪಾಯಿತು. “ಕುಡಿಯೋ ಮಜ್ಜಿಗೇನ ಮಣ್ಣಿಗೆ ಹಾಕೋದಂತೆ, ಅದನ್ನ ಮೈಗೆ ಬಳ್ಕೊಂಡು ಬರೋದಂತೆ! ಶಾರದಾ, ಈ ಮನೇಲಿ ಒಂದೋ ಆ ಲಂಗೋಟಿ ಇರಬೇಕು, ಇಲ್ಲಾ ನಾನಿರಬೇಕು” ಎಂದುಬಿಟ್ಟರು. ಶಾರದೆ ನನ್ನ ಮುಖ ನೋಡಿದಳು. ನಾನು ಗರಡಿ ಬಿಡುವುದೆಂದೇ ಮನಸ್ಸು ಮಾಡಿ, ಉಸ್ತಾದರಿಗೊಂದು ಮಾತು ಹೇಳಿ ಬರೋಣವೆಂದು ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿದೆ.

ಆಗ ಹಿತ್ತಲಲ್ಲಿ ಧಡ್ ಎಂದು ಸದ್ದಾಯಿತು. ಹಿಂದೆಯೇ ಶಾರದೆ ಕಿರುಚಿದಳು. ನಮ್ಮ ಎಮ್ಮೆ, ಅದೂ ತುಂಬು ಗಬ್ಬದ ಎಮ್ಮೆ, ಹಿತ್ತಲ ಹಾಳುಬಾವಿಗೆ ಬಿದ್ದಿತ್ತು. ಆ ಬಾವಿಗೆ ಹೆಚ್ಚು ಆಳವಿರಲಿಲ್ಲ, ಆದರೆ ಕೆಸರು ಹೊಟ್ಟೆಯವರೆಗಿತ್ತು. ನಾನು ಅದರ ಕೊರಳ ಹಗ್ಗ ಹಿಡಿದು ಎಳೆದೆ. ಎಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಆ ಬಸ್ಸಿನ ಡ್ರೈವರು ನೋಡಿದಂತೆಯೇ ನೋಡಿ, ಮುಖ ತಿರುಗಿಸಿತು. ಗದ್ದಲ ಕೇಳಿ ಬಂದ ಡ್ರಿಲ್ ಮೇಷ್ಟರು ಬಾವಿಗೆ ಇಣುಕಿ, “ಗಾಬರಿ ಬೇಡ ಸಾರ್, ಉಸಿರಾಡ್ತಾ ಇದೆ” ಎಂದರು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಅದನ್ನು ಕರುವಿನಿಂದ ಸಾಕಿದವರು ಅವರೇ.

ನಾನು ಓಡಿದೆ. ಗರಡಿಯ ಬಾಗಿಲಲ್ಲಿ ನಿಂತು, “ಉಸ್ತಾದ್, ನಮ್ಮ ಎಮ್ಮೆ!” ಎಂದಷ್ಟೇ ಅಂದೆ. ಯಾರೂ ಏನೂ ಕೇಳಲಿಲ್ಲ. ಲಂಗೋಟಿಯಲ್ಲೇ, ಮೈತುಂಬ ಕೆಮ್ಮಣ್ಣಿನೊಡನೆ, ಇಡೀ ಗರಡಿಯೇ ನನ್ನ ಹಿಂದೆ ಬೀದಿಯಲ್ಲಿ ಧಾವಿಸಿ ಬಂತು. ಬೀದಿಯ ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಕಿಟಕಿಗಳು ಅಷ್ಟೇ ಬೇಗ ತೆರೆದುಕೊಂಡವು. ನಮ್ಮ ಮನೆಯ ಮುಂದೆ ಅವರು ತಡೆದು ನಿಂತರು. ಹಿತ್ತಲಿಗೆ ಸುತ್ತಿ ಹೋಗುವ ದಾರಿ ದೂರ. ಆಗ ಅತ್ತೆಯವರು ಹೊಸಿಲಿಗೆ ಬಂದು, “ಒಳಗಿಂದಲೇ ಬನ್ರಪ್ಪಾ, ಮಣ್ಣಾದ್ರೆ ಆಗ್ಲಿ, ಬೇಗ ಬನ್ನಿ!” ಎಂದು ಎರಡೂ ಕದಗಳನ್ನು ಅಗಲವಾಗಿ ತೆರೆದರು. ಅವರು ಆಗಷ್ಟೇ ಸಾರಿಸಿದ್ದ ನಡುಮನೆಯ ಮೇಲೆ ಕೆಂಪು ಹೆಜ್ಜೆಗಳು ಸಾಲಾಗಿ ಮೂಡಿದವು.

ಮುನಿವೆಂಕಟಪ್ಪ ಬಾವಿಗಿಳಿದು ಎಮ್ಮೆಯ ಮೈಗೆ ಗೋಣಿ ಸುತ್ತಿ ಹಗ್ಗ ಬಿಗಿದ. ಉಳಿದವರು ಬಾವಿಯ ಕುಸಿದ ಬದಿಯನ್ನು ಅಗೆದು ಇಳಿಜಾರು ಮಾಡಿದರು. ಡ್ರಿಲ್ ಮೇಷ್ಟರೂ ಪಂಚೆ ಮೇಲೆ ಕಟ್ಟಿ, ಕೆಸರಿಗಿಳಿದು ಬಾಲದ ಹಿಂದೆ ನಿಂತರು. ನಾನು ಹಗ್ಗದ ತುದಿಗೆ ಹೋಗುತ್ತಿದ್ದರೆ ಉಸ್ತಾದರು ತಡೆದರು. “ಕಹಾಂ ಹೋಗ್ತೀರಿ? ನಿಮ್ಮ ಎಮ್ಮೆ, ನೀವು ಮುಂದೆ!” ಹಿಡಿದೆ. “ಐಸಾ!” ಎಂದರು ಉಸ್ತಾದರು. ಹಗ್ಗ ಬಿಗಿಯಿತು. ಅಂಗೈ ಉರಿಯಿತು, ಹಿಮ್ಮಡಿ ನೆಲಕ್ಕೆ ಕಚ್ಚಿತು. ಆ ಹಗ್ಗದಲ್ಲಿ ಹರಿಯುತ್ತಿದ್ದ ಬಲದಲ್ಲಿ ನನ್ನದೆಷ್ಟು, ಅವರದೆಷ್ಟು ಎಂದು ತಿಳಿಯಲೇ ಇಲ್ಲ. ಒಟ್ಟಿನಲ್ಲಿ ಎಲ್ಲವೂ ನನ್ನದೆಂದೇ ಅನ್ನಿಸುತ್ತಿತ್ತು. ಇನ್ನೊಂದು ಐಸಾ, ಮತ್ತೊಂದು. ಎಮ್ಮೆ ಮುಂಗಾಲೂರಿ, ಒಮ್ಮೆ ಭುಸುಗುಟ್ಟಿ, ಮೇಲೆ ಬಂದು ನಿಂತು ಮೈ ಕೊಡವಿತು. ಕೆಸರೆಲ್ಲ ನನ್ನ ಮೇಲೆ. ನಂತರ ಏನೂ ಆಗಿಲ್ಲವೆಂಬಂತೆ ಹುಲ್ಲಿನ ಕಡೆ ಹೊರಟಿತು. ಶಾರದೆ ಎಲ್ಲರೆದುರಿಗೇ ನನ್ನ ಕೈ ಹಿಡಿದುಕೊಂಡಳು.

ಅತ್ತೆಯವರು ಕೊಡಪಾನದ ತುಂಬ ಮಜ್ಜಿಗೆ ತಂದು ತಾವೇ ಎಲ್ಲರಿಗೂ ಬಡಿಸಿದರು. ನನ್ನ ಲೋಟಕ್ಕೆ ಸುರಿಯುತ್ತ, ಮದುವೆಯಾದಂದಿನಿಂದ ಮೊದಲ ಬಾರಿಗೆ ನನ್ನೊಡನೆಯೇ ಮಾತಾಡಿದರು: “ನಾಳೆಯಿಂದ ಗರಡೀಗೆ ಹೊತ್ತಿಗೆ ಮುಂಚೆ ಹೋಗಿ. ತಡ ಮಾಡ್ಬೇಡಿ.”

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಟಾಗ ಬೀದಿಯ ಎರಡೂ ಕಡೆ ಜನ. “ಎಮ್ಮೆ ಎತ್ತಿದ ಮೇಷ್ಟ್ರು ಇವರೇ!” ಎಂದು ಯಾರೋ ಕೂಗಿದರು. ಅಂಥ ಹೊತ್ತಿನಲ್ಲಿ ಗಂಡಸಾದವನು ಮೀಸೆ ತಿರುವದೆ ಇದ್ದರೆ ಹೇಗೆ? ಆದರೆ ನೋವಿನಿಂದ ಕೈ ಎದೆಯಿಂದ ಮೇಲಕ್ಕೆ ಏಳಲೊಲ್ಲದು. ಆದದ್ದಾಗಲಿ ಎಂದು ಮೀಸೆಯನ್ನೇ ಕೈಯವರೆಗೆ ಇಳಿಸಿದೆ. ನೋಡುತ್ತಿದ್ದವರು, “ಅಷ್ಟು ಬಲ ಇದ್ರೂ ನೋಡ್ರಪ್ಪಾ, ಹೇಗೆ ತಲೆ ಬಗ್ಗಿಸಿ ನಡೀತಾರೆ!” ಎಂದು ಕೈಮುಗಿದರು.