ಹಬ್ ಆರುವಷ್ಟು ಪ್ರಾರ್ಥನೆ

ಆ ದಿನ ಬೆಳಿಗ್ಗೆ ಮಳೆ ನಿಂತಿತ್ತು, ಆದರೆ ಹೋಗಿರಲಿಲ್ಲ. ಹೊರಡುತ್ತೇನೆಂದು ಎದ್ದ ನೆಂಟ ಬಾಗಿಲಲ್ಲೇ ಮಾತಾಡುತ್ತ ನಿಂತ ಹಾಗೆ ಮೋಡವೊಂದು ಗುಡ್ಡದ ಮೇಲೆ ನಿಂತುಕೊಂಡಿತ್ತು. ಗದ್ದೆಯ ಕೆಸರಿನಲ್ಲಿ ಎಮ್ಮೆಗಳು ಮೂಗಿನವರೆಗೆ ಮುಳುಗಿ, ದೇವರು ಕೊಟ್ಟ ತಂಪನ್ನು ಕಣ್ಣುಮುಚ್ಚಿ ಸವಿಯುತ್ತಿದ್ದವು. ಇಡೀ ಊರಿನಲ್ಲಿ ನೆಮ್ಮದಿಯಿಲ್ಲದ ಜೀವ ಒಂದೇ. ಅದು ಮುರಾಂಗ್. ತನ್ನ ಹಳೆಯ ಹಸಿರು ಟ್ರಕ್ಕಿನ ಚಕ್ರಗಳನ್ನೆಲ್ಲ ಬಿಚ್ಚಿ ಹರಡಿ, ನಡುವೆ ತಲೆಯ ಮೇಲೆ ಕೈಹೊತ್ತು ಕೂತಿದ್ದ.

ಕಾರಣ ಸಣ್ಣದು. ಚಕ್ರದ ನಡುವಿನ ಹಬ್ಬಿನೊಳಕ್ಕೆ ಹೊಳೆನೀರು ನುಗ್ಗದಂತೆ ತಡೆಯುವ ರಬ್ಬರ್ ಸೀಲುಗಳನ್ನೂ, ಒಳಗೆ ತುಂಬುವ ಗ್ರೀಸನ್ನೂ ತರಲು ಅವನು ಲಾವಾಸ್ ಪೇಟೆಗೆ ಇಳಿದಿದ್ದ. ಎರಡನ್ನೂ ಕೊಂಡ. ಅಷ್ಟರಲ್ಲಿ ಅಂಗಡಿಯ ಗಾಜಿನ ಹಿಂದೆ ಒಂದು ಕೆಂಪು ಬಾಚಣಿಗೆ ಕಂಡಿತು. ಅದು ತಾನು ಮದುವೆಯಾಗಬೇಕೆಂದಿದ್ದ ರಿನಾಯಳ ಮುಡಿಯಲ್ಲಿ ಹೇಗೆ ಕಂಡೀತೆಂದು ದಾರಿಯುದ್ದಕ್ಕೂ ನೆನೆಯುತ್ತ ಬೆಟ್ಟ ಹತ್ತಿ ಮನೆ ಸೇರಿದಾಗ ಚೀಲದಲ್ಲಿ ಸೀಲಿತ್ತು, ಬಾಚಣಿಗೆಯಿತ್ತು. ಗ್ರೀಸಿನ ಡಬ್ಬ ಮಾತ್ರ ಪೇಟೆಯ ಅಂಗಡಿಯಲ್ಲೇ ಉಳಿದಿತ್ತು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಈ ದಿನ ರಿನಾಯಳ ತಾಯಿ ಲಿತಾದಳನ್ನು ಬೆರಾನ್ ಹೊಳೆ ದಾಟಿಸಿ ಅವಳ ತಂಗಿಯ ಊರಿಗೆ ಕರೆದೊಯ್ಯಬೇಕಿತ್ತು. ತಂಗಿ ಹೊಸದಾಗಿ ಅಜ್ಜಿಯಾಗಿದ್ದಳು. ಅಜ್ಜಿಯಾದವರು ಹಳೆಯ ಹೆಸರು ಬಿಟ್ಟು ಹೊಸ ಹೆಸರು ಇಟ್ಟುಕೊಳ್ಳುವ ಔತಣ ಅಂದು. ಹೋದ ಸಲ ಇದೇ ಹೊಳೆಯಲ್ಲಿ ಹಬ್ಬಿಗೆ ನೀರು ನುಗ್ಗಿ, ಗ್ರೀಸೆಲ್ಲ ಕಡೆದ ಮೊಸರಿನಂತಾಗಿ, ಬೇರಿಂಗ್ ಕಿರುಚಿ ಕಿರುಚಿ ಕಾಡಿನ ಏರಿನಲ್ಲಿ ಕಚ್ಚಿಕೊಂಡಿತ್ತು. ಲಿತಾದ್ ಜಿಗಣೆಗಳ ಜೊತೆ ಮನೆಯವರೆಗೂ ನಡೆದಿದ್ದಳು.

"ನೋಡಪ್ಪ ಮುರಾಂಗ್," ಎಂದಿದ್ದಳು ಆಮೇಲೆ, "ಈ ಸಲ ಸುಸೂತ್ರವಾಗಿ ಕರ್ಕೊಂಡು ಹೋಗು, ಔತಣದಲ್ಲೇ ಎಲ್ಲರ ಮುಂದೆ ನಿಮ್ಮ ಮದ್ವೆ ಮಾತು ಹೇಳ್ತೀನಿ. ಆದ್ರೆ ಹಬ್ಬು ಅನ್ನೋ ಮಾತು ಇನ್ನೊಂದ್ಸಲ ನನ್ನ ಕಿವಿಗೆ ಬಿತ್ತೋ, ಬೇರೆ ಅಳಿಯನ್ನ ನೋಡ್ಕೋತೀನಿ."

ಗ್ರೀಸಿಗಾಗಿ ಮನೆಮನೆ ಕೇಳಿ ಬರಿಗೈಲಿ ಬಂದ ಮುರಾಂಗ್ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಕಂಡು ನೆರೆಯವರು ನೆರೆದರು. ಎದುರುಮನೆಯ ಲಾಬೊ ಬಾಯಲ್ಲಿ ಚುಟ್ಟ ಇಟ್ಟುಕೊಂಡೇ ಹೇಳಿದ: "ಮೇಣದಬತ್ತಿ ಕರಗಿಸಿ ಹುಯ್ಯೋ."

"ನಿನ್ನ ತಲೆಗೆ ಹುಯ್ಕೋ," ಎಂದಳು ಪಕ್ಕದ ಮನೆಯ ಸಿನಾಂಗಕ್ಕ. "ಮೇಣ ಒಡೆದು ಹೋಗುತ್ತೆ. ಹಂದಿ ಕೊಬ್ಬು ಹಾಕು ಕಣೋ. ಕೊಬ್ಬಿಗೆ ನೀರು ಅಂಟಿದ್ದನ್ನ ಯಾರಾದ್ರೂ ಕಂಡಿದೀರಾ?"

"ಅಕ್ಕಾ, ಅದು ಅಡುಗೆಗಲ್ವಾ?"

"ನಿನ್ನ ಮದ್ವೆ ಊಟಕ್ಕೆ ಅಂತ ಇಟ್ಟಿದ್ದೆ. ಮದ್ವೇನೇ ಆಗದಿದ್ರೆ ಏನು ಹುರಿಯೋದು?"

ಅವಳು ಕಾಡುಹಂದಿಯ ಕೊಬ್ಬನ್ನು ಕಾಯಿಸಿಟ್ಟಿದ್ದ ಡಬ್ಬವನ್ನೇ ತಂದಿಟ್ಟಳು. ಬೇರೆ ದಾರಿಯಿರಲಿಲ್ಲ. ಮುರಾಂಗ್ ಬೆಳ್ಳಗಿನ ಕೊಬ್ಬನ್ನು ಬೇರಿಂಗಿನ ಸಂದುಸಂದಿಗೂ ಮೆತ್ತಿ, ಹೊಸ ಸೀಲು ಕೂರಿಸಿ, ಚಕ್ರ ಬಿಗಿದ. ಸುತ್ತ ನಿಂತಿದ್ದ ನಾಯಿಗಳು ಈ ಕೆಲಸವನ್ನು ಬಹಳ ಗೌರವದಿಂದ ನೋಡುತ್ತಿದ್ದವು.

ಅಷ್ಟರಲ್ಲಿ ಲಿತಾದ್ ಹಳೆಯ ಮಣಿಸರ ಧರಿಸಿ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ರಿನಾಯ್ ಹತ್ತಿದಳು, ಮುಡಿಯಲ್ಲಿ ಕೆಂಪು ಬಾಚಣಿಗೆ. ಅವಳ ಪಕ್ಕಕ್ಕೆ ಕೊಡೆ, ಬೈಬಲ್ ಹಿಡಿದುಕೊಂಡು ಮುದುಕ ಪಾದ್ರಿ ತಾಗಲ್ ಅವರೂ ಬಂದು ಕೂತರು. ಔತಣಕ್ಕೆ ಆಶೀರ್ವಾದ ಅವರದೇ.

ಇಳಿಜಾರಿನಲ್ಲಿ ಬ್ರೇಕಿನ ಬಿಸಿಗೆ ಹಬ್ಬುಗಳು ಕಾದವು. ಕಾದಂತೆ ಕೊಬ್ಬು ಘಮಘಮಿಸತೊಡಗಿತು.

"ಈ ಕಾಡಲ್ಲಿ ಯಾರೋ ಹಂದಿ ಹುರೀತಿದಾರೆ," ಎಂದಳು ಲಿತಾದ್.

"ಯಾರೋ ಬೇಟೆಗಾರರು ಇರ್ಬೇಕು ಅತ್ತೆ."

"ನಾವು ಹೋದ ಕಡೆಗೆಲ್ಲ ಬರ್ತಿದಾರಲ್ಲ ಅವರು!"

ರಿನಾಯ್ ಹಿಂದೆ ತಿರುಗಿ ನೋಡಿದಳು. ಊರಿನ ನಾಯಿಗಳೆಲ್ಲ ಮದುವೆ ದಿಬ್ಬಣದ ಹಾಗೆ ಸಾಲಾಗಿ ಓಡಿ ಬರುತ್ತಿದ್ದವು.

ಹೊಳೆ ಬಂತು. ಮಳೆಗೆ ತುಂಬಿ, ಚಕ್ರ ಮುಳುಗುವಷ್ಟು ನೀರು. ಮುರಾಂಗ್ ಇಳಿದು, ಕಲ್ಲು ತೆಗೆಯುವ ನೆಪದಲ್ಲಿ ಹಬ್ಬಿನ ಮೇಲೆ ಬೆರಳಿಟ್ಟ. ಚುರ್ ಎಂದಿತು. ಅವನಪ್ಪ ಬದುಕಿದ್ದಾಗ ಹೇಳುತ್ತಿದ್ದದ್ದು ನೆನಪಾಯಿತು: "ಅಂಗೈ ಇಟ್ರೆ ತಡ್ಕೊಳ್ಳೋ ಹಾಗೆ ಆರೋವರೆಗೂ ನೀರಿಗೆ ಇಳಿಸ್ಬೇಡ ಮಗಾ. ಬಿಸಿ ಹಬ್ಬು ತಣ್ಣೀರಲ್ಲಿ ಮುಳುಗ್ತೋ, ಒಳಗಿನ ಗಾಳಿ ಕುಗ್ಗಿ, ಬಾಯಾರಿದ ಎಮ್ಮೆ ಥರ ನೀರು ಹೀರುತ್ತೆ. ಯಾವ ಸೀಲೂ ತಡೆಯಲ್ಲ."

ಆರಲು ಹೊತ್ತು ಬೇಕು. ಹೊತ್ತು ಯಾಕೆ ಬೇಕೆಂದು ಹೇಳಲು ಹಬ್ಬು ಎನ್ನುವ ಆ ಮಾತು ಬಾಯಿಂದ ಬರಬೇಕು. ಅದು ಬಂದರೆ ರಿನಾಯ್ ಹೋದಳು.

"ಅಯ್ಯನವರೇ," ಎಂದ, "ಹೊಳೆ ದಾಟೋ ಮೊದ್ಲು ಒಂದು ಪ್ರಾರ್ಥನೆ ಆಗ್ಲಿ."

ಪಾದ್ರಿಗಳು ಹುಬ್ಬೇರಿಸಿದರು. 'ಆಮೆನ್' ಎನ್ನುವ ಮೊದಲೇ ಗೇರು ಹಾಕುವ ಹುಡುಗ ಇವನು. ಇಳಿದು ಬಂದು ಪ್ರಯಾಣಕ್ಕಾಗಿ ಚಿಕ್ಕದೊಂದು ಪ್ರಾರ್ಥನೆ ಮಾಡಿದರು. ಮುರಾಂಗ್ ಚಕ್ರದ ಪಕ್ಕ ಮೊಣಕಾಲೂರಿ ಹಬ್ಬಿನ ಮೇಲೆ ಅಂಗೈ ಇಟ್ಟ. ಸುಟ್ಟಿತು.

"ಹೊಳೆಯಾಚೆ ಊರಿನವರಿಗೂ ಒಂದು, ಅಯ್ಯನವರೇ."

ಅದೂ ಆಯಿತು. ಇನ್ನೂ ಸುಡುತ್ತಿತ್ತು.

"ಹುಷಾರಿಲ್ದೆ ಮಲಗಿರೋರಿಗೆ? ಪಾಪ, ಲಾವಾಸಿನ ಅಂಗಡಿಯವರಿಗೆ? ಗದ್ದೆಗೆ? ಎಮ್ಮೆಗಳಿಗೆ?"

ಪಾದ್ರಿಗಳು ಅವನ ಅಂಗೈ ಕಡೆ ಒಮ್ಮೆ ನೋಡಿದರು. ಮತ್ತೆ ಕಣ್ಣು ಮುಚ್ಚಿ, ಗದ್ದೆ, ಎಮ್ಮೆ, ಮಳೆ, ಬಿಸಿಲು, ಲೋಕದ ಸಕಲ ಜೀವರಾಶಿಗಾಗಿ ನಿಧಾನವಾಗಿ, ಒಂದನ್ನೂ ಬಿಡದೆ ಬೇಡಿಕೊಂಡರು. ನಾಯಿಗಳು ಬಂದು ಸೇರಿ ನಾಲಿಗೆ ಚಾಚಿ ಸಭೆಯಂತೆ ಕೂತವು. ಕೈ ಸುಟ್ಟ ನೋವಿಗೆ ಮುರಾಂಗನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಲಿತಾದ್ ಅದನ್ನು ನೋಡಿದಳು. ಅವಳ ಕಣ್ಣೂ ತುಂಬಿತು.

ಕೊನೆಗೆ ಹಬ್ಬು ಆರಿತು. "ಆಮೆನ್!" ಎಂದು ಮುರಾಂಗ್ ಕಾಡೇ ಕೇಳುವಂತೆ ಕೂಗಿ, ಟ್ರಕ್ಕನ್ನು ಹೊಳೆಗೆ ಇಳಿಸಿದ. ಆಚೆ ದಡ ಹತ್ತಿದಾಗ ಚಕ್ರಗಳು ಒಂದು ಸೊಲ್ಲೂ ಎತ್ತಲಿಲ್ಲ. ಹಿಂದೆ ನಾಯಿಗಳು ಈಜಿ ಬಂದವು.

ಔತಣದಲ್ಲಿ ಎಲೆಯಲ್ಲಿ ಕಟ್ಟಿದ ಅನ್ನವನ್ನು ಹಂಚಿದ ಮೇಲೆ ಯಾರು ಬೇಕಾದರೂ ಎದ್ದು ಮಾತಾಡಬಹುದು. ಆದರೆ ಹೆಸರಿಡುವ ಸಭೆಯಲ್ಲಿ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಲಿತಾದ್ ಎದ್ದು ನಿಂತಳು. ಮುರಾಂಗ್ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಈ ಹುಡುಗ ಬರೀ ಡ್ರೈವರ್ ಅಂತ ತಿಳ್ಕೊಂಡಿದ್ದೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇವತ್ತು ಹೊಳೆ ದಡದಲ್ಲಿ ಇವನು ಎಮ್ಮೆಗಳಿಗಾಗಿ ಅತ್ತದ್ದನ್ನ ಕಣ್ಣಾರೆ ಕಂಡೆ. ಇಂಥವನನ್ನ ನನ್ನ ಮನೆ ಅಳಿಯ ಅಂತ ಈಗ್ಲೇ ಕಟ್ಟಿಹಾಕಿದ್ರೆ ಪಾಪ ಬರುತ್ತೆ. ಮೊದ್ಲು ಇವನು ದೇವರ ಶಾಲೆಗೆ ಹೋಗ್ಲಿ. ಮೂರು ವರ್ಷ ಓದಿ ಪಾದ್ರಿ ಆಗಿ ಬರ್ಲಿ. ಮದ್ವೆ ಆಮೇಲೆ."

ಸಭೆಯೆಲ್ಲ ಹಾಡತೊಡಗಿತು. ಮುದುಕರು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಮುರಾಂಗ್ ಗುಂಪಿನ ನಡುವಿನಿಂದ ರಿನಾಯಳ ಕಡೆ ನೋಡಿದ.

"ಆ ಎಮ್ಮೆಗಳನ್ನಾದ್ರೂ ಬಿಡಬಾರದಿತ್ತಾ?" ಎಂದಳು ಅವಳು ಮೆಲ್ಲಗೆ.

ಸಂಜೆ ಎಲ್ಲರನ್ನೂ ಸುಖವಾಗಿ ಮನೆ ಮುಟ್ಟಿಸಿ, ಕೊನೆಗೆ ಪಾದ್ರಿಗಳ ಬಾಗಿಲಲ್ಲಿ ಟ್ರಕ್ ನಿಲ್ಲಿಸಿದಾಗ ಮುರಾಂಗನಿಗೆ ತಡೆಯಲಾಗಲಿಲ್ಲ.

"ಅಯ್ಯನವರೇ, ನಿಜ ಹೇಳ್ತೀನಿ. ನಾನು ಪ್ರಾರ್ಥನೆ ಕೇಳಿದ್ದು ಹಬ್ಬು ಆರ್ಲಿ ಅಂತ."

"ಗೊತ್ತಪ್ಪ," ಎಂದರು ತಾಗಲ್.

"ಗೊತ್ತಾ?"

"ಪಾದ್ರಿ ಆಗೋ ಮೊದ್ಲು ನಾನು ನಿಮ್ಮಪ್ಪನ ಜೊತೆ ಮರದ ಲಾರಿ ಓಡಿಸ್ತಿದ್ದೆ. ಅದೇ ಹೊಳೆ, ಅದೇ ದಡ. ಹಿಂದೆ ಕೂತಿದ್ದ ಒಬ್ಬ ಅಜ್ಜಿ, ನಾನು ಚಕ್ರದ ಹತ್ತಿರ ಮೊಣಕಾಲೂರಿದ್ದನ್ನ ನೋಡಿ, ಪ್ರಾರ್ಥನೆ ಅಂತ ತಿಳ್ಕೊಂಡು ಸಭೆಯಲ್ಲಿ ಎದ್ದು ಹೇಳಿಬಿಟ್ಲು."

"ಹಾಗಾದ್ರೆ ಸಭೆಯಲ್ಲಿ ಯಾಕೆ ಸುಮ್ನಿದ್ರಿ?"

"ನನ್ನ ಸಭೆಯಲ್ಲಿ ನಿಮ್ಮಪ್ಪನೂ ಸುಮ್ನಿದ್ದ. ದೇವರು ಕೈಗೆ ಸಿಕ್ಕಿದ್ದನ್ನೇ ನೆಪ ಮಾಡ್ಕೊಂಡು ಕರೀತಾನಪ್ಪ. ನಲವತ್ತು ವರ್ಷ ಆಯ್ತು, ನನಗೇನೂ ಬೇಜಾರಿಲ್ಲ."

ಅವರು ಒಳಗೆ ಹೋದರು. ಮಂಚದ ಕೆಳಗೆ ಏನೋ ಎಳೆದ ಸದ್ದಾಯಿತು. ತಿರುಗಿ ಬಂದಾಗ ಕೈಯಲ್ಲಿ ತುಕ್ಕು ಹಿಡಿದ ಡಬ್ಬವೊಂದಿತ್ತು. ಮುಚ್ಚಳದ ಮೇಲೆ ಮುರಾಂಗನ ಅಪ್ಪ ಮೊಳೆಯಿಂದ ಗೀಚಿದ ಗುರುತು. ಒಳಗೆ ಗಟ್ಟಿ ಗ್ರೀಸು, ಕಂಠದವರೆಗೆ.

"ನಿಮ್ಮಪ್ಪನ ಹತ್ರ ಇಸ್ಕೊಂಡಿದ್ದೆ. ಲಾರಿ ಬಿಟ್ಮೇಲೆ ತುಂಬಿಸಿಟ್ಟೆ, ಕೊಡೋಕೆ ಮರೆತೆ. ಬೆಳಿಗ್ಗೆ ನೀನು ಗ್ರೀಸಿಗೆ ಊರನ್ನೆಲ್ಲ ಕೇಳ್ದೆ, ನನ್ನೊಬ್ಬನನ್ನ ಬಿಟ್ಟು."

ಮುರಾಂಗನ ಸುಟ್ಟ ಅಂಗೈ ಮೇಲೆ ತಣ್ಣಗಿನ ಆ ಡಬ್ಬವನ್ನಿಟ್ಟು, ಪಾದ್ರಿಗಳು ಮೆಲ್ಲನೆ ಬಾಗಿಲು ಹಾಕಿಕೊಂಡರು.